ಪಾಠ ಎಲ್ಲರನ್ನೂ ತಲುಪಲಿ, ನಮ್ಮ ಕನ್ನಡದಿಂದಲೇ ಆರಂಭವಾಗಲಿ

ವಿದ್ಯೆ ಎಲ್ಲರ ಸ್ವತ್ತು ಎಂದು ನಾವು ವೇದಿಕೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಇಂದು ಆ ವಿದ್ಯೆ ಕಪ್ಪು ಹಲಗೆಯಿಂದ ಕಂಪ್ಯೂಟರಿನ ಪರದೆಗೆ ಬಂದಿದೆ. ನಮ್ಮ ಮಕ್ಕಳು ನಾಳೆ ಆಸ್ಟಿನ್, ಹ್ಯೂಸ್ಟನ್, ಡಲ್ಲಾಸ್‌ಗಳ ವಿಶ್ವವಿದ್ಯಾಲಯಗಳಿಗೆ ಸೇರಿದಾಗ ಪಠ್ಯ, ಉಪನ್ಯಾಸ, ಪರೀಕ್ಷೆಗಳಲ್ಲಿ ಬಹುಪಾಲು ಅಂತರ್ಜಾಲದಲ್ಲೇ ಇರುತ್ತವೆ. ಆದರೆ ಕಣ್ಣು ಕಾಣದ, ಕಿವಿ ಕೇಳದ, ಕೈಯಲ್ಲಿ ಮೌಸ್ ಹಿಡಿಯಲಾಗದ ವಿದ್ಯಾರ್ಥಿಗೂ ಅವು ದಕ್ಕುತ್ತವೆಯೇ? ಪೋಷಕರೂ ಮಕ್ಕಳೂ ಯೋಚಿಸಬೇಕಾದ ಪ್ರಶ್ನೆ ಇದು.

ಈ ಪ್ರಶ್ನೆಗೂ ನಾವಿರುವ ಟೆಕ್ಸಾಸ್‌ಗೂ ಹಳೆಯ ನಂಟಿದೆ. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಜಸ್ಟಿನ್ ಡಾರ್ಟ್ 1950ರ ದಶಕದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಶಿಕ್ಷಕರಾಗಬೇಕೆಂಬುದು ಅವರ ಆಸೆ. ಗಾಲಿಕುರ್ಚಿಯಲ್ಲಿದ್ದಾರೆಂಬ ಕಾರಣಕ್ಕೆ ಶಿಕ್ಷಕರ ಪ್ರಮಾಣಪತ್ರ ಅವರ ಕೈಸೇರಲಿಲ್ಲ. ಅದೇ ಡಾರ್ಟ್ ಮುಂದೆ ಅಮೆರಿಕದ ಐವತ್ತೂ ರಾಜ್ಯಗಳನ್ನು ಸುತ್ತಿ ವಿಕಲಚೇತನರ ಹಕ್ಕಿಗಾಗಿ ಜನರನ್ನು ಒಗ್ಗೂಡಿಸಿದರು. 1990ರ ಜುಲೈ 26ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರು ಎ.ಡಿ.ಎ. ಕಾಯಿದೆಗೆ ಸಹಿ ಹಾಕಿದಾಗ ಡಾರ್ಟ್ ಅವರ ಪಕ್ಕದಲ್ಲೇ ಇದ್ದರು.

ಆ ಕಾಯಿದೆಯಿಂದ ಕಟ್ಟಡಗಳಿಗೆ ಇಳಿಜಾರು ದಾರಿ, ಲಿಫ್ಟು ಬಂದವು. ಅಂತರ್ಜಾಲದ ಬಾಗಿಲಿಗೆ ಅಂಥ ಸ್ಪಷ್ಟ ಅಳತೆಗೋಲು ಬಂದದ್ದು 2024ರ ಏಪ್ರಿಲ್‌ನಲ್ಲಿ, ಅಮೆರಿಕದ ನ್ಯಾಯಾಂಗ ಇಲಾಖೆ ಹೊರಡಿಸಿದ ನಿಯಮದಿಂದ. ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಅದು ಅನ್ವಯಿಸುತ್ತದೆ. ವಿಡಿಯೋದ ಮಾತು ಪರದೆಯ ಮೇಲೆ ಅಕ್ಷರವಾಗಿಯೂ ಮೂಡಬೇಕು. ಚಿತ್ರಕ್ಕೆ ಮಾತಿನ ವಿವರಣೆ ಇರಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರ ಅನುಪಾತದ ವ್ಯತ್ಯಾಸ ಬೇಕು. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲವೂ ನಡೆಯಬೇಕು. ಇವೆಲ್ಲ ಆ ಅಳತೆಗೋಲಿನ ಭಾಗ.

ಇದು ದುಬಾರಿ, ಬಲವಂತ ಮಾಡಿದರೆ ಇರುವ ಪಾಠವೂ ಹೋದೀತು ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. 2017ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯವು ಇಂಥದೇ ದೂರಿನ ನಂತರ 20,000ಕ್ಕೂ ಹೆಚ್ಚು ಉಪನ್ಯಾಸಗಳ ಧ್ವನಿ ಮತ್ತು ವಿಡಿಯೋಗಳನ್ನು ಸಾರ್ವಜನಿಕರಿಗೆ ಮುಚ್ಚಿಬಿಟ್ಟಿತು. ಆದರೆ ಇದರಿಂದ ನಾವು ಕಲಿಯುವ ಪಾಠ ಬೇರೆ. ಮನೆ ಕಟ್ಟಿ ಮುಗಿಸಿದ ಮೇಲೆ ಗೋಡೆ ಒಡೆದು ಬಾಗಿಲಿಡುವುದು ಖರ್ಚಿನ ಕೆಲಸ. ಪಾಯ ಹಾಕುವಾಗಲೇ ಬಾಗಿಲಿಗೆ ಜಾಗ ಬಿಟ್ಟರೆ ಖರ್ಚು ಅಲ್ಪ. ಪಾಠ ಸಿದ್ಧಪಡಿಸುವವರೇ ಮೊದಲ ದಿನದಿಂದ ಇದನ್ನು ಗಮನಿಸಬೇಕು ಎಂಬುದೇ ನಮ್ಮ ಅಭಿಪ್ರಾಯ.

ಆ ನಿಯಮ ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ್ದು. ನಮ್ಮಂಥ ಸಮುದಾಯದ ಶಾಲೆಯನ್ನು ಅದು ಕೇಳುವುದಿಲ್ಲ. ಹಾಗೆಂದು ನಾವು ಸುಮ್ಮನಿರಬಹುದೇ? ಮನೆ ಗೆದ್ದು ಮಾರು ಗೆಲ್ಲು ಎಂಬ ಗಾದೆಯಂತೆ ನಮ್ಮ ಕನ್ನಡ ಪಾಠಗಳನ್ನೇ ನೋಡೋಣ.

ಅಂಧರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಅದು ಪರದೆಯ ಅಕ್ಷರಗಳನ್ನು ಓದಿ ಹೇಳುತ್ತದೆ. ಇಂಥ ತಂತ್ರಾಂಶಗಳ ಪೈಕಿ ಮೊದಮೊದಲಿನದೊಂದನ್ನು 1980ರ ದಶಕದಲ್ಲಿ ರೂಪಿಸಿದ ಐಬಿಎಂನ ಜಿಮ್ ಥ್ಯಾಚರ್ ಮುಂದೆ ನೆಲೆಸಿದ್ದು ಆಸ್ಟಿನ್‌ನಲ್ಲೇ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದರ ಮುಂದೆ ನಾವು ಇಡುವುದೇನು? ಪುಸ್ತಕದ ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ತಂತ್ರಾಂಶಕ್ಕೆ ಅದು ಬರೀ ಒಂದು ಚಿತ್ರ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಾಠ ನಮ್ಮ ಕಣ್ಣಿಗೆ ಚೆಂದದ ಕನ್ನಡ. ಕಂಪ್ಯೂಟರಿನ ಒಳಗೆ ಮಾತ್ರ ಅದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕೇಳುವ ಮಗುವಿನ ಕಿವಿಗೆ ಬೀಳುವುದೂ ಅದೇ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದಂತಲ್ಲವೇ ಇದು?

ಪರಿಹಾರ ಕಷ್ಟವಲ್ಲ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯೋಣ. ಕನ್ನಡದ ಪಿಡಿಎಫ್‌ಗಳಲ್ಲಿ ಒತ್ತಕ್ಷರಗಳು ಎಷ್ಟೋ ಸಲ ಕೆಡುವುದರಿಂದ ಮೂಲ ಕಡತವನ್ನೂ ಜೊತೆಗೆ ಕಳಿಸೋಣ. ಚಿತ್ರದ ಕೆಳಗೆ ಎರಡು ಸಾಲಿನ ವಿವರಣೆ ಇರಲಿ. "ಕೆಂಪು ಪದಗಳನ್ನು ಬಿಡಿಸಿ ಬರೆಯಿರಿ" ಎನ್ನುವ ಬದಲು ಪದಗಳಿಗೆ ಸಂಖ್ಯೆ ಕೊಟ್ಟರೆ ಬಣ್ಣ ಗುರುತಿಸಲಾಗದ ಮಗುವಿಗೂ ಅನುಕೂಲ. ಪದ್ಯ ಹೇಳಿಕೊಡುವ ವಿಡಿಯೋದಲ್ಲಿ ಸಾಲುಗಳು ಮೂಡಿದರೆ ಕಿವಿ ಮಂದವಾದವರಿಗಷ್ಟೇ ಅಲ್ಲ, ಇಲ್ಲಿಯೇ ಹುಟ್ಟಿ ಕನ್ನಡವನ್ನು ತಡವಾಗಿ ಕಲಿಯುವವರಿಗೂ ಲಾಭ. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ಅಜ್ಜ ಅಜ್ಜಿಯರಿಗಂತೂ ಫೋಟೋಗಿಂತ ಯೂನಿಕೋಡ್ ಪಠ್ಯವೇ ಹಿತ.

ಮಕ್ಕಳೇ, ನಿಮಗೊಂದು ಸುಲಭ ಪರೀಕ್ಷೆ. ನಿಮಗೆ ಬಂದ ಪಾಠದಿಂದ ಒಂದು ಪದವನ್ನು ಆರಿಸಿ, ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಪದ ಕನ್ನಡದಲ್ಲೇ, ಸರಿಯಾಗಿ ಬಂದರೆ ಮೊದಲ ಹೆಜ್ಜೆ ಗೆದ್ದಂತೆ. ಬಾರದಿದ್ದರೆ ಶಿಕ್ಷಕರಿಗೆ ತಿಳಿಸಿ, ಸಂಕೋಚ ಬೇಡ. ಪೋಷಕರೇ, ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಶುಲ್ಕ, ವಸತಿಗಳ ಜೊತೆಗೆ ಈ ಸೌಲಭ್ಯವನ್ನೂ ವಿಚಾರಿಸಿ. ನಿಮ್ಮ ಮಗುವಿಗೆ ಬೇಕಿಲ್ಲದಿದ್ದರೂ ಪಕ್ಕದ ಮಗುವಿಗೆ ಬೇಕಾದೀತು.

ಕನ್ನಡ ಉಳಿಯಲಿ ಎಂದು ಸಾಗರದಾಚೆ ಶಾಲೆ ನಡೆಸುತ್ತಿರುವವರು ನಾವು. ಆ ಕನ್ನಡ ಕಣ್ಣಿದ್ದವರಿಗೆ ಮಾತ್ರ ಉಳಿದರೆ ಸಾಲದು. ಈ ವಾರ್ಷಿಕ ಸಂಚಿಕೆಯ ಕನ್ನಡ ಪುಟಗಳನ್ನು ಕೇಳಿ ಓದಬಲ್ಲ ರೂಪದಲ್ಲಿಯೂ ಹೊರತರುವ ಮೂಲಕ ಈ ಕೆಲಸವನ್ನು ಆರಂಭಿಸೋಣ.