ತೆರೆಯ ಮೇಲೊಂದು ಬಲ್ಬು

ಬ್ಯಾಟರಿಯ ಎರಡೂ ತುದಿಗೆ ಒಂದೇ ತಂತಿ ಜೋಡಿಸಿದರೆ ಏನಾದೀತು? ಶಾಲೆಯಲ್ಲಿ ಇದನ್ನು ಮಾಡಿ ನೋಡಲು ಮೇಷ್ಟ್ರು ಬಿಡುವುದಿಲ್ಲ, ಬಿಡಲೂಬಾರದು. 'ಫೆಟ್' ಜಾಲತಾಣದ ವಿದ್ಯುತ್ ಮಂಡಲದಲ್ಲಿ ಮಾಡಬಹುದು: ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ತರಗತಿ ಹೋ ಎನ್ನುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಪ್ರಯೋಗಗಳು ಇಂದಿಗೂ ಉಚಿತ. ಹಲವು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಕೈಕೊಟ್ಟರೂ ನಡೆಯುತ್ತವೆ. ಹಳ್ಳಿ ಶಾಲೆಗೆ ಇನ್ನೇನು ಬೇಕು ಎನ್ನಬಹುದು.

ಬೇಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವಿಡಿಯೊ ಹಾಕಿ, ಮೇಷ್ಟ್ರು ಹಾಜರಿ ಪುಸ್ತಕ ತುಂಬುತ್ತ ಕೂತರೆ ಅದಕ್ಕೂ ಟಿ.ವಿ.ಯ ಮಧ್ಯಾಹ್ನದ ಸಿನಿಮಾಕ್ಕೂ ವ್ಯತ್ಯಾಸವಿಲ್ಲ. 'ಇದೇ ಸಾಲಿಗೆ ಇನ್ನೊಂದು ಬಲ್ಬು ಸೇರಿಸಿದರೆ ಮೊದಲನೆಯದು ಮಂಕಾಗುತ್ತದೆಯೇ?' ಎಂದು ಮೊದಲೇ ಕೇಳಿ, ಮಕ್ಕಳ ಊಹೆಗಳನ್ನು ಕರಿಹಲಗೆಯ ಮೇಲೆ ಬರೆಸಬೇಕು. ಜಗಳ ಹತ್ತಿದ ಮೇಲೆ ತೆರೆಯತ್ತ ತಿರುಗಿದರೆ ಸಾಕು. ಇಂಥ ಪಾಠ ಕಟ್ಟಲು ಶಿಕ್ಷಕರಿಗೆ ಬಿಡುವು ಬೇಕು. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣಾ ಕೆಲಸಗಳ ನಡುವೆ ಅದೆಲ್ಲಿದೆ? ಪ್ರೊಜೆಕ್ಟರ್ ಖರೀದಿಗೆ ತೋರುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಇಲಾಖೆ ಇದಕ್ಕೆ ತೋರಲಿ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿಯನ್ನು ಪಾಠದ ತಯಾರಿಗೆಂದೇ ಬಿಟ್ಟುಕೊಡಲಿ.