ಹಾಡಿಲ್ಲದ ಸಿನಿಮಾದ ಸಂಗೀತ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಪೆನ್ಸಿಲ್ ಬೇಡ, ಬಾಯಲ್ಲೇ ಹೇಳಬಹುದು. ಒಂದು ಕನ್ನಡ ಸಿನಿಮಾ ಇದೆ. ಅದರಲ್ಲಿ ಹಾಡುಗಳ ಸಂಖ್ಯೆ ಸೊನ್ನೆ. ಆದರೂ ಪರದೆಯ ಮೇಲೆ ಹೆಸರುಗಳು ಬರುವಾಗ ‘ಸಂಗೀತ’ ಎಂದು ಒಬ್ಬರ ಹೆಸರು ಬರುತ್ತದೆ. ಹಾಡೇ ಇಲ್ಲದ ಮೇಲೆ ಆ ಮನುಷ್ಯ ಮಾಡಿದ ಕೆಲಸ ಏನು?

ಅಜ್ಜ ಅಜ್ಜಿಯರು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಮಕ್ಕಳು ಯೋಚಿಸಲಿ.

ಆ ಸಿನಿಮಾ ‘ನಿಷ್ಕರ್ಷ’. 1993ರದು. ನಿರ್ದೇಶಕರು ಸುನೀಲ್ ಕುಮಾರ್ ದೇಸಾಯಿ. ಮಣಿಪಾಲದ ಒಂದು ಬ್ಯಾಂಕಿಗೆ ದರೋಡೆಕೋರರು ನುಗ್ಗುತ್ತಾರೆ, ಒಳಗಿದ್ದವರನ್ನು ಒತ್ತೆಯಾಳಾಗಿ ಹಿಡಿಯುತ್ತಾರೆ. ಹೊರಗೆ ಪೊಲೀಸರು. ವಿಷ್ಣುವರ್ಧನ್, ಅನಂತನಾಗ್, ಬಿ. ಸಿ. ಪಾಟೀಲ್ ಇದ್ದಾರೆ. ಸಂಗೀತ ಗುಣಸಿಂಗ್ ಅವರದು. ಇದಕ್ಕೂ ಮುಂಚೆ ದೇಸಾಯಿಯವರು ಶಂಕರ್‌ನಾಗ್, ದೇವರಾಜ್ ಅವರನ್ನು ಇಟ್ಟುಕೊಂಡು ‘ತರ್ಕ’ ಮಾಡಿದ್ದರು. ಅದರಲ್ಲೂ ಹಾಡಿಲ್ಲ, ಅದಕ್ಕೂ ಗುಣಸಿಂಗ್ ಅವರದೇ ಸಂಗೀತ.

ಬ್ಯಾಂಕಿನ ದರೋಡೆ ಎಂದ ಮೇಲೆ ನಾವು ಬ್ಯಾಂಕಿನವರು ಬಿಡುವುದುಂಟೇ? ನಾನು ಆಗ ಗುಲಬರ್ಗಾದಲ್ಲಿ ಗುಮಾಸ್ತ. ನಮ್ಮ ಶಾಖೆಯವರೆಲ್ಲ ಒಂದು ಭಾನುವಾರ ಗುಂಪಾಗಿ ಹೋಗಿ ನೋಡಿದೆವು. ಮರುದಿನ ಶಟರ್ ಎತ್ತುವಾಗ ನಮ್ಮ ಜವಾನ ಒಮ್ಮೆ ಹಿಂದೆ ತಿರುಗಿ ನೋಡಿದ. ನಾವೆಲ್ಲ ನಕ್ಕೆವು, ಆದರೆ ನಾವೂ ಒಮ್ಮೆ ತಿರುಗಿ ನೋಡಿದೆವು.

ಒಂದು ಮಾತು ಹೇಳುತ್ತೇನೆ. ಬ್ಯಾಂಕು ಎಂಬುದು ಬಹಳ ಸಪ್ಪೆ ಜಾಗ. ಫ್ಯಾನಿನ ಗಿರಿಗಿರಿ, ಮೊಹರಿನ ಟಪ್ ಟಪ್, ಲೆಡ್ಜರಿನ ಹಾಳೆ ತಿರುವಿದ ಸದ್ದು, ಕೌಂಟರಿನ ಮೇಲೆ ಚಿಲ್ಲರೆ ಸುರಿದ ಸದ್ದು. ಸಂಜೆ ನಗದು ತಾಳೆ ನೋಡುವಾಗ ಹತ್ತು ರೂಪಾಯಿ ಕಡಿಮೆ ಬಂದರೆ ಅದಕ್ಕಿಂತ ದೊಡ್ಡ ಸಸ್ಪೆನ್ಸ್ ಬೇರೆ ಇಲ್ಲ. ಆದರೆ ಅದನ್ನು ಕಿಟಕಿಯಿಂದ ನೋಡಿದವರಿಗೆ ಏನು ಕಾಣುತ್ತದೆ? ನಾಲ್ಕು ಜನ ತಲೆ ಬಗ್ಗಿಸಿ ನೋಟು ಎಣಿಸುತ್ತಿದ್ದಾರೆ, ಅಷ್ಟೇ. ಅದೇ ನಾಲ್ಕು ಜನರನ್ನು ತೋರಿಸಿ, ಹಿಂದೆ ಪಿಟೀಲಿನ ಒಂದು ಸಣ್ಣ ಎಳೆ ಬಿಡಿ. ನೋಡುವವರು ಕುರ್ಚಿಯ ತುದಿಗೆ ಬರುತ್ತಾರೆ. ಗುಣಸಿಂಗ್ ಅವರಂಥವರ ಕೆಲಸ ಅದು. ಹಾಡಿದ್ದರೆ ಪ್ರೇಕ್ಷಕರಿಗೆ ಮಧ್ಯೆ ಐದು ನಿಮಿಷ ವಿಶ್ರಾಂತಿ ಸಿಗುತ್ತದೆ. ಹಾಡಿಲ್ಲದ ಚಿತ್ರದಲ್ಲಿ ಸಂಗೀತಗಾರನಿಗೂ ರಜೆ ಇಲ್ಲ, ನಮಗೂ ಇಲ್ಲ.

ಇದಕ್ಕೆ ಹಿನ್ನೆಲೆ ಸಂಗೀತ ಎನ್ನುತ್ತಾರೆ. ಚಿತ್ರರಂಗದವರ ಬಾಯಲ್ಲಿ ‘ರೀರೆಕಾರ್ಡಿಂಗ್’. ಚಿತ್ರೀಕರಣ ಮುಗಿದು, ಕತ್ತರಿಸಿ ಜೋಡಿಸುವ ಕೆಲಸವೂ ಮುಗಿದ ಮೇಲೆ ಇದರ ಸರದಿ. ಸಂಗೀತ ನಿರ್ದೇಶಕರು ಒಂದೊಂದು ದೃಶ್ಯವನ್ನೂ ನೋಡಿ, ಎಷ್ಟು ಸೆಕೆಂಡಿಗೆ ಬಾಗಿಲು ತೆರೆಯುತ್ತದೆ, ಎಷ್ಟು ಸೆಕೆಂಡಿಗೆ ದೀಪ ಆರುತ್ತದೆ ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಪ್ರತಿ ವಾದ್ಯಕ್ಕೂ ಸ್ವರ ಬರೆಯುತ್ತಾರೆ. ರೆಕಾರ್ಡಿಂಗ್ ಕೋಣೆಯಲ್ಲಿ ಪರದೆಯ ಮೇಲೆ ಚಿತ್ರ ಓಡುತ್ತಿರುತ್ತದೆ, ವಾದ್ಯದವರು ಹಾಳೆ ನೋಡಿಕೊಂಡು ನುಡಿಸುತ್ತಾರೆ. ಅರ್ಧ ಸೆಕೆಂಡು ತಡವಾದರೂ ಮತ್ತೆ ಮೊದಲಿಂದ. ನಮ್ಮ ನಗದು ತಾಳೆಯ ಹಾಗೆಯೇ!

ಹಾಗಾದರೆ ಸ್ವರಗಳಿಂದ ಅಂಜಿಕೆ ಹುಟ್ಟಿಸುವುದು ಹೇಗೆ? ಮೂರು ಯುಕ್ತಿ ಹೇಳಿಕೊಡುತ್ತೇನೆ.

ಮೊದಲನೆಯದು, ಪಕ್ಕಪಕ್ಕದ ಸ್ವರಗಳ ಜಗಳ. ನಿಮ್ಮೂರ ಗುಡಿಯ ಭಜನೆಯಲ್ಲಿ ಹಾರ್ಮೋನಿಯಂ ಇದ್ದರೆ ಕೇಳಿ ಒಂದು ನಿಮಿಷ ತೆಗೆದುಕೊಳ್ಳಿ. ‘ಸ’ ಮತ್ತು ‘ಪ’ ಎರಡನ್ನೂ ಒಟ್ಟಿಗೆ ಒತ್ತಿ. ಹಿತವಾಗಿರುತ್ತದೆ. ತಂಬೂರಿಯ ಹಾಗೆ ಮನಸ್ಸು ಕೂರುತ್ತದೆ. ಈಗ ‘ಸ’ ಮತ್ತು ಅದಕ್ಕೆ ಅಂಟಿಕೊಂಡಿರುವ ಕೋಮಲ ‘ರಿ’ ಎರಡನ್ನೂ ಒಟ್ಟಿಗೆ ಒತ್ತಿ. ಹಲ್ಲು ಜುಮ್ಮೆನ್ನುತ್ತದೆ. ಸಸ್ಪೆನ್ಸ್ ಚಿತ್ರದವರು ಆ ಜುಮ್ಮನ್ನು ಬೇಕೆಂದೇ ಹಿಡಿದಿಡುತ್ತಾರೆ, ಬಿಡಿಸುವುದಿಲ್ಲ.

ಎರಡನೆಯದು, ಕಮಾನಿನ ನಡುಕ. ಪಿಟೀಲಿನ ಒಂದೇ ಸ್ವರದ ಮೇಲೆ ಕಮಾನನ್ನು ಹಿಂದೆ ಮುಂದೆ ಬಹಳ ವೇಗವಾಗಿ ಆಡಿಸಿದರೆ ಸ್ವರ ಚಳಿಗೆ ನಡುಗಿದಂತೆ ಕೇಳುತ್ತದೆ. ಇಪ್ಪತ್ತು ಪಿಟೀಲು ಹೀಗೆ ಮೆಲ್ಲಗೆ ನಡುಗಿದರೆ, ಪರದೆಯ ಮೇಲೆ ಬರೀ ಮುಚ್ಚಿದ ಬಾಗಿಲು ಇದ್ದರೂ ಸಾಕು.

ಮೂರನೆಯದು, ಬಿಡದೆ ಬರುವ ಹೆಜ್ಜೆ. ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜಾಸ್’ 1975ರಲ್ಲಿ ಬಂತು. ಸಮುದ್ರದಲ್ಲಿ ಮನುಷ್ಯರನ್ನು ತಿನ್ನುವ ಶಾರ್ಕಿನ ಕತೆ. ಸಂಗೀತ ಜಾನ್ ವಿಲಿಯಮ್ಸ್. ಶಾರ್ಕ್ ಬರುತ್ತಿದೆ ಎಂದು ಹೇಳಲು ಅವರು ಹಿಡಿದದ್ದು ಮುಖ್ಯವಾಗಿ ಎರಡೇ ಸ್ವರ, ಅವೂ ಪಕ್ಕಪಕ್ಕದವು. ಚೆಲ್ಲೊ, ಡಬಲ್ ಬಾಸ್ ಎಂಬ ದಪ್ಪ ದನಿಯ ವಾದ್ಯಗಳಲ್ಲಿ ಮೊದಲು ನಿಧಾನ, ಆಮೇಲೆ ವೇಗ, ಆಮೇಲೆ ಇನ್ನೂ ವೇಗ. ಅರ್ಧ ಚಿತ್ರ ಕಳೆದರೂ ಶಾರ್ಕ್ ಪೂರ್ತಿ ಕಾಣುವುದಿಲ್ಲ, ಕೇಳುತ್ತದೆ. ಒಂದು ಕಡೆ ಇಬ್ಬರು ತುಂಟ ಹುಡುಗರು ರಟ್ಟಿನ ಈಜುರೆಕ್ಕೆ ಕಟ್ಟಿಕೊಂಡು ಜನರನ್ನು ಅಂಜಿಸುತ್ತಾರೆ. ಅಲ್ಲಿ ಆ ಎರಡು ಸ್ವರ ಬರುವುದಿಲ್ಲ! ಜನ ಮೋಸ ಹೋದರೂ ಸಂಗೀತ ಸುಳ್ಳು ಸಾಕ್ಷಿ ಹೇಳಲಿಲ್ಲ.

ಇನ್ನು ಎಲ್ಲರೂ ಗುರುಸ್ಥಾನದಲ್ಲಿ ಇಡುವ ಹೆಸರು ಬರ್ನಾರ್ಡ್ ಹರ್ಮನ್. ಆಲ್ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ತೆಗೆದರು. ಅದು ದೊಡ್ಡವರ ಚಿತ್ರ, ಮಕ್ಕಳು ಈಗ ನೋಡುವುದು ಬೇಡ, ಸಂಗೀತದ ಸಂಗತಿ ಮಾತ್ರ ಕೇಳಿ. ಕೊಳಲಿಲ್ಲ, ತುತ್ತೂರಿ ಇಲ್ಲ, ಡೋಲು ಇಲ್ಲ. ಹರ್ಮನ್ ಬರೀ ತಂತಿವಾದ್ಯಗಳನ್ನು ಇಟ್ಟುಕೊಂಡರು. ಕಪ್ಪು ಬಿಳುಪಿನ ಚಿತ್ರಕ್ಕೆ ಒಂದೇ ಬಣ್ಣದ ಸಂಗೀತ. ಅದರಲ್ಲೊಂದು ಭೀಕರ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರು ಹಿಚ್‌ಕಾಕ್. ಹರ್ಮನ್ ಆದರೂ ಬರೆದರು. ಪಿಟೀಲುಗಳು ಹಕ್ಕಿಯಂತೆ ಚೀರುತ್ತವೆ. ಕೇಳಿದ ಹಿಚ್‌ಕಾಕ್ ತಮ್ಮ ಮಾತು ಬಿಟ್ಟುಕೊಟ್ಟರು. ಇವತ್ತಿಗೂ ಜಗತ್ತಿನಲ್ಲಿ ಯಾರೇ ಅಂಜಿಕೆಯ ಸಂಗೀತ ಬರೆಯಲಿ, ಆ ಚೀರು ಅವರ ಕಿವಿಯಲ್ಲಿ ಇದ್ದೇ ಇರುತ್ತದೆ.

ಅದೇ ಹಿಚ್‌ಕಾಕ್ 1963ರಲ್ಲಿ ‘ದಿ ಬರ್ಡ್ಸ್’ ಮಾಡಿದಾಗ ವಾದ್ಯಮೇಳವನ್ನೇ ಬಿಟ್ಟರು. ಯಂತ್ರದಲ್ಲಿ ಹುಟ್ಟಿಸಿದ ಹಕ್ಕಿಗಳ ಸದ್ದು, ಉಳಿದಂತೆ ಮೌನ. ಮೌನವೂ ಒಂದು ವಾದ್ಯ ಎಂದು ನಮ್ಮ ಕುಂಚಾವರಂ ಕಡೆಯ ದನಗಾಹಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಡಿನಲ್ಲಿ ಜೀರುಂಡೆ ಒದರುತ್ತಿರುವಷ್ಟು ಹೊತ್ತು ಅವರು ನಿಶ್ಚಿಂತೆ. ಆ ಸದ್ದು ಒಮ್ಮೆಲೇ ನಿಂತರೆ ಕೋಲು ಕೈಗೆ ಬರುತ್ತದೆ.

ನಮ್ಮ ದೇಶದಲ್ಲಿ ಹಾಡು ಬಿಟ್ಟು ಚಿತ್ರ ಮಾಡುವುದು ದೊಡ್ಡ ಧೈರ್ಯ. 1954ರಲ್ಲಿ ತಮಿಳಿನಲ್ಲಿ ‘ಅಂದ ನಾಳ್’ ಬಂತು, ಹಾಡಿಲ್ಲ. ಅದನ್ನು ನಿರ್ದೇಶಿಸಿದ ಎಸ್. ಬಾಲಚಂದರ್ ದೊಡ್ಡ ವೀಣಾ ವಿದ್ವಾಂಸರು! ಹಿಂದಿಯಲ್ಲಿ 1960ರ ‘ಕಾನೂನ್’, 1969ರ ‘ಇತ್ತೆಫಾಕ್’ ಹಾಡಿಲ್ಲದ ಚಿತ್ರಗಳು. ಎರಡಕ್ಕೂ ಸಂಗೀತ ಸಲೀಲ್ ಚೌಧುರಿ. ಅಂಥ ಮಧುರ ಹಾಡುಗಳನ್ನು ಕಟ್ಟಿದ ಮನುಷ್ಯ ಹಾಡಿಲ್ಲದ ಕೆಲಸವನ್ನೂ ಒಪ್ಪಿಕೊಂಡರು. ಕನ್ನಡದಲ್ಲಿ ಕಾಶೀನಾಥರ ‘ಅಪರಿಚಿತ’ 1978ರದು. ಅದರಲ್ಲಿ ಹಾಡಿದೆ, ಸಸ್ಪೆನ್ಸೂ ಇದೆ. ಸಂಗೀತ ಎಲ್. ವೈದ್ಯನಾಥನ್. ಅವರು ಪಿಟೀಲಿನ ಮನೆತನದವರು, ಎಲ್. ಸುಬ್ರಹ್ಮಣ್ಯಂ, ಎಲ್. ಶಂಕರ್ ಅವರ ಅಣ್ಣ. ‘ಮಾಲ್ಗುಡಿ ಡೇಸ್’ ಸಂಗೀತವೂ ಅವರದೇ ಎಂದರೆ ಅಜ್ಜಂದಿರ ಮುಖ ಅರಳುತ್ತದೆ. ಒಂದೇ ಕೈ, ಒಂದು ಕಡೆ ನಗಿಸುತ್ತದೆ, ಇನ್ನೊಂದು ಕಡೆ ನಡುಗಿಸುತ್ತದೆ.

ಈಗ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ. ಹೋದ ದಸರಾ ರಜೆಯಲ್ಲಿ ಮೊಮ್ಮಕ್ಕಳೆಲ್ಲ ಕುಂಚಾವರಂಗೆ ಬಂದಿದ್ದರು. ರಾತ್ರಿ ಊಟ ಆದ ಮೇಲೆ ಟಿವಿಯಲ್ಲಿ ‘ನಿಷ್ಕರ್ಷ’ ಹಾಕಿದೆವು. ಹುಡುಗರು ಒಬ್ಬರ ಕೈ ಒಬ್ಬರು ಹಿಡಿದು ಕೂತರು. ನನ್ನ ಅಣ್ಣನಿಗೆ 82 ವರ್ಷ. ಅವರು ಮಾತ್ರ ಕಲ್ಲಿನಂತೆ ಕೂತು, “ಇದ್ರಾಗ ಅಂಜಾದು ಏನದ? ಸುಮ್ನ ನಿಂತಾರ” ಅಂದರು. ಎಲ್ಲರೂ ನಕ್ಕರು. ನನ್ನ ಮೊಮ್ಮಗಳು, ಏಳನೆಯ ಕ್ಲಾಸಿನವಳು, ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, “ಮುತ್ಯಾ, ದೊಡ್ಡ ಮುತ್ಯಾಗ ಪಿಟೀಲು ಕೇಳವಲ್ದು” ಅಂದಳು.

ಅವಳಿಗೆ ಹೇಗೆ ತಿಳಿಯಿತು? ದಪ್ಪ ಡೋಲಿನ ಸದ್ದಿಗೆ ಅಣ್ಣ ತಲೆ ಎತ್ತುತ್ತಿದ್ದರಂತೆ, ಸಣ್ಣ ಸದ್ದಿಗೆ ಎತ್ತುತ್ತಿರಲಿಲ್ಲವಂತೆ. ಕಲಬುರಗಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆವು. ಹುಡುಗಿಯ ಮಾತು ನಿಜ.

ವೈದ್ಯರು ಚೆನ್ನಾಗಿ ತಿಳಿಸಿ ಹೇಳಿದರು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರ ತುಂಬ ಕೂದಲಿನಂಥ ಸಣ್ಣ ಕೋಶಗಳು. ಬಾಗಿಲ ಹತ್ತಿರದವು ಎತ್ತರದ ಸ್ವರ ಹಿಡಿಯುತ್ತವೆ, ಒಳಗಿನವು ತಗ್ಗಿನ ಸ್ವರ ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಹತ್ತಿರದವು. ಆದ್ದರಿಂದ ಡೋಲು ಕೇಳುತ್ತದೆ, ಪಿಟೀಲಿನ ಚೀರು ಜಾರಿಹೋಗುತ್ತದೆ. ಮಾತಿನಲ್ಲೂ ‘ಸ’, ‘ಶ’ದಂಥ ಅಕ್ಷರಗಳು ಎತ್ತರದವು. ಅವು ತಪ್ಪಿದರೆ ದನಿ ಕೇಳಿದರೂ ಮಾತು ತಿಳಿಯುವುದಿಲ್ಲ. ಮಕ್ಕಳ ಸಣ್ಣ ದನಿಯಂತೂ ಇನ್ನೂ ಕಷ್ಟ. ಎರಡು ವರ್ಷದಿಂದ ಅಣ್ಣ ಹುಡುಗರ ಜೊತೆ ಮಾತು ಕಡಿಮೆ ಮಾಡಿದ್ದರು. ಹಟ ಹೆಚ್ಚಾಗಿದೆ ಎಂದು ಬಂಧುಗಳಲ್ಲಿ ಕೆಲವರ ತೀರ್ಮಾನ. ಇದ್ದದ್ದು ಹಟವಲ್ಲ, ಕೇಳದೆ ಒಂಟಿಯಾಗಿದ್ದರು ಅಷ್ಟೇ.

ಈಗ ಕಿವಿಗೆ ಮಷೀನು ಬಂದಿದೆ. ಕುಕ್ಕರಿನ ಸೀಟಿ ತಲೆ ತಿನ್ನುತ್ತದೆ ಎಂದು ದಿನಾ ತಕರಾರು. ದೀಪಾವಳಿಗೆ ಮತ್ತೆ ಅದೇ ಸಿನಿಮಾ ಹಾಕಿದಾಗ ಅರ್ಧಕ್ಕೇ, “ಏ, ಸೌಂಡ್ ಕಡಿಮಿ ಮಾಡ್ರಿ, ಎದಿ ಹೊಡ್ಕೊಳ್ಳಾಕತ್ತದ” ಅಂದರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅವಳ ಸಣ್ಣ ದನಿಯೂ ಈಗ ಅವರಿಗೆ ಕೇಳುತ್ತದೆ. ಸಂಜೆಯಾದರೆ ಇಬ್ಬರೂ ಕಟ್ಟೆಯ ಮೇಲೆ ಕೂತು ಒಗಟು ಹಾಕುತ್ತಾರೆ.

ಅದಕ್ಕೇ ಈ ವಾರದ ಮನೆಪಾಠ ಅಜ್ಜ, ಮೊಮ್ಮಕ್ಕಳು ಸೇರಿ ಮಾಡುವಂಥದು. ಒಂದು ಸಸ್ಪೆನ್ಸ್ ಸಿನಿಮಾದ ಐದು ನಿಮಿಷ ಆರಿಸಿಕೊಳ್ಳಿ. ಮೊದಲ ಸಲ ಸದ್ದು ಪೂರ್ತಿ ನಿಲ್ಲಿಸಿ ಬರೀ ನೋಡಿ. ಎರಡನೆಯ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಯಾವುದರಲ್ಲಿ ಎದೆ ಹೆಚ್ಚು ಬಡಿಯಿತು ಎಂದು ಒಬ್ಬರಿಗೊಬ್ಬರು ಹೇಳಿ. ಮೂರನೆಯ ಸಲ ನೋಡುತ್ತಾ, ಕೇಳಿದ ವಾದ್ಯಗಳ ಪಟ್ಟಿ ಮಾಡಿ. ಮಕ್ಕಳೊಂದು ಪಟ್ಟಿ, ಹಿರಿಯರೊಂದು ಪಟ್ಟಿ. ಎರಡನ್ನೂ ತಾಳೆ ನೋಡಿ. ಹಿರಿಯರ ಪಟ್ಟಿಯಲ್ಲಿ ಸಣ್ಣ ಸ್ವರದ ವಾದ್ಯಗಳೇ ಇಲ್ಲದಿದ್ದರೆ ಅವರನ್ನು ನಗಬೇಡಿ. ಅಪ್ಪ ಅಮ್ಮನಿಗೆ ಹೇಳಿ, ಕಿವಿಯ ಡಾಕ್ಟರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಲಿ.

ರಾತ್ರಿ ಸಿನಿಮಾ ನೆನಪಾಗಿ ಅಂಜಿಕೆ ಬಂದ ಮಕ್ಕಳಿಗೂ ಇದೇ ಮದ್ದು. ‘ಏನು ಬರುತ್ತದೋ’ ಎಂದು ಕೇಳಿಕೊಳ್ಳಬೇಡಿ, ‘ಆಗ ಯಾವ ವಾದ್ಯ ನುಡಿಯಿತು’ ಎಂದು ಕೇಳಿಕೊಳ್ಳಿ. ಯಾರೋ ಒಬ್ಬರು ಚಹಾ ಕುಡಿದು, ಕನ್ನಡಕ ಒರೆಸಿಕೊಂಡು, ಹಾಳೆ ನೋಡಿ ಪಿಟೀಲು ಬಾರಿಸಿದ್ದಾರೆ ಎಂದು ತಿಳಿದರೆ ಅರ್ಧ ಅಂಜಿಕೆ ಹೋಗುತ್ತದೆ.

ಉಳಿದದ್ದು ಮೊದಲು ಕೊಟ್ಟ ಲೆಕ್ಕದ ಬಾಕಿ. ಹಾಡು ಹಾಡಿದವರ ಹೆಸರು ಊರಿಗೆಲ್ಲ ಗೊತ್ತು. ಹಾಡಿಲ್ಲದೆ ನಮ್ಮನ್ನು ಎರಡು ಗಂಟೆ ಕೂರಿಸಿದವರ ಹೆಸರು ಪರದೆಯ ಮೇಲೆ ಮೂರು ಸೆಕೆಂಡು ಇರುತ್ತದೆ. ಇನ್ನು ಮುಂದೆ ಆ ಮೂರು ಸೆಕೆಂಡು ಯಾರೂ ನೀರು ಕುಡಿಯಲು ಏಳಬೇಡಿ. ಹೆಸರನ್ನು ಗಟ್ಟಿಯಾಗಿ ಓದಿ, ಮನೆಯ ಹಿರಿಯರಿಗೂ ಕೇಳುವಂತೆ.