34 ಪರ್ಸೆಂಟ್ ಇದ್ದ ಫೋನ್ ಸತ್ತ ರಾತ್ರಿ

ಮೊನ್ನೆ ತ್ರೀಫೇಸ್ ಕರೆಂಟ್ ಬಂದದ್ದು ರಾತ್ರಿ ಒಂದೂವರೆಗೆ. ಮೆಕ್ಕೆಜೋಳಕ್ಕೆ ನೀರು ಕಟ್ಟೋಕೆ ಒಬ್ಬನೇ ಹೋಗಿದ್ದೆ. ಫೋನಿನಲ್ಲಿ 34 ಪರ್ಸೆಂಟ್ ಇತ್ತು, ಬೆಳಗಿನ ತನಕ ಸಾಕು ಅಂದುಕೊಂಡೆ. ಟಾರ್ಚ್ ಹಾಕಿಕೊಂಡು ಬದುವಿನ ಮೇಲೆ ನಡೀತಾ ಮನೆಗೆ ಫೋನ್ ಮಾಡಿದೆ. ಒಂದು ರಿಂಗ್ ಆಗುವಷ್ಟರಲ್ಲಿ ಫೋನ್ ಆಫ್, ಟಾರ್ಚೂ ಹೋಯ್ತು. ಕಾಲ ಬುಡದಲ್ಲಿ ಹಾವಿದ್ದರೂ ಕಾಣದ ಕತ್ತಲು. ಮನೆಯವಳು ತಿರುಗಿ ಹತ್ತು ಸಲ ಮಾಡಿದ್ದಾಳೆ, ಸ್ವಿಚ್ ಆಫ್. ಕೊನೆಗೆ ಮಗನನ್ನು ಎಬ್ಬಿಸಿಕೊಂಡು ಹೊಲಕ್ಕೇ ಬಂದಳು. ಬೈದದ್ದನ್ನು ಇಲ್ಲಿ ಬರೆಯಲ್ಲ.

ಮನೆಗೆ ಬಂದು ಆನ್ ಮಾಡಿದ್ರೆ ಅದೇ ಫೋನ್ 20 ಪರ್ಸೆಂಟ್ ತೋರಿಸ್ತು!

ಇದು ನಮ್ಮ ಬೋರ್‌ವೆಲ್ ಕಥೆನೇ. ನೀರು ಕಮ್ಮಿ ಇರೋ ಬೋರಿಗೆ ಸಣ್ಣ ಮೋಟರ್ ಹಾಕಿದ್ರೆ ಹೇಗೋ ಓಡುತ್ತೆ, ದೊಡ್ಡದು ಹಾಕಿದ್ರೆ ಗಾಳಿ ಎಳೆಯುತ್ತೆ. ಅರ್ಧ ಗಂಟೆ ನಿಲ್ಲಿಸಿದ್ರೆ ಮತ್ತೆ ನೀರು. ಲಿಥಿಯಂ ಬ್ಯಾಟರಿ ಹಳೇದಾದ ಹಾಗೆ ಅದರೊಳಗಿನ ಪ್ರತಿರೋಧ ಹೆಚ್ಚುತ್ತೆ. ಜೇಬಲ್ಲಿ ಸುಮ್ಮನಿದ್ದಾಗ ಏನೂ ಗೊತ್ತಾಗಲ್ಲ. ಟಾರ್ಚ್, ಸ್ಕ್ರೀನ್, ಕರೆ ಮೂರೂ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ಆಫ್ ಆಗುತ್ತೆ.

ಆ ಪರ್ಸೆಂಟ್ ಅನ್ನೋದೂ ಅಳತೆ ಅಲ್ಲ, ಅಂದಾಜು. ಸಾಮಾನ್ಯ ಲಿಥಿಯಂ ಬ್ಯಾಟರಿ ತುಂಬಿದಾಗ ಸುಮಾರು 4.2 ವೋಲ್ಟ್. ಆಮೇಲೆ ಬಹಳ ಹೊತ್ತು 3.7ರ ಆಸುಪಾಸಲ್ಲೇ ಇದ್ದು, ಕೊನೆಗೆ ದಬಕ್ಕನೆ ಬೀಳುತ್ತೆ. ಹಾಗಾಗಿ ಬರೀ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋದು ಕಷ್ಟ. ಒಳಗೆ ಹೋದ, ಹೊರಗೆ ಬಂದ ಕರೆಂಟಿನ ಲೆಕ್ಕವನ್ನೂ ಫೋನ್ ಇಡುತ್ತೆ. ಬ್ಯಾಟರಿ ಸವೆದ ಮೇಲೆ ಆ ಲೆಕ್ಕ ತಪ್ಪುತ್ತೆ.

ಪೇಟೆಗಿಂತ ಹೊಲದಲ್ಲಿ ಬೇಗ ಇಳಿಯೋಕೆ ಇನ್ನೊಂದು ಕಾರಣ ಟವರ್ ದೂರ ಇರೋದು. ದೂರದವರನ್ನು ಕರೆಯೋಕೆ ನಾವು ಜೋರಾಗಿ ಕೂಗಿದ ಹಾಗೆ, ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಫೋನೂ ಕೂಗಬೇಕು. 900 ಮೆಗಾಹರ್ಟ್ಸ್‌ನ 2ಜಿ ಫೋನ್ ಹೀಗೆ ಕೂಗುವಾಗ 2 ವ್ಯಾಟ್ ತನಕ ಹೋಗುತ್ತೆ, ಟವರ್ ಹತ್ತಿರ ಇದ್ದರೆ ಅದರ ಸಣ್ಣ ಪಾಲು ಸಾಕು. ಇನ್ನು ಬಿಸಿಲಲ್ಲಿ ಟ್ರ್ಯಾಕ್ಟರ್ ಬಾನೆಟ್ ಮೇಲೆ ಫೋನ್ ಇಡೋ ಅಭ್ಯಾಸ ನನಗೂ ಇತ್ತು. ಆ ಕಾವಿಗೆ ಬ್ಯಾಟರಿ ಆಯಸ್ಸು ಶಾಶ್ವತವಾಗಿ ಕಮ್ಮಿಯಾಗುತ್ತೆ.

ಬೆಳಿಗ್ಗೆ ಅಂಗಡಿಗೆ ಹೋಗಿ ಬ್ಯಾಟರಿ ಬದಲಿಸಿ ಅಂದೆ. "ಇದಕ್ಕೆ ಹಾಕೋದು ದಂಡ, ಹೊಸ ಫೋನೇ ತಗೊಳ್ಳಿ" ಅಂದ್ರು. ನನ್ನ ತಕರಾರು ಇಲ್ಲೇ. ಸ್ಟಾರ್ಟರ್ ಸುಟ್ಟರೆ ಮೋಟರ್ ಎಸೀತೀವಾ? ಹಳೇ ಕೀಪ್ಯಾಡ್ ಫೋನಲ್ಲಿ ಉಗುರಿಂದ ಮುಚ್ಚಳ ತೆಗೆದು ನಾವೇ ಬ್ಯಾಟರಿ ಹಾಕ್ತಿದ್ವಿ. ಈಗ ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರೆ. ಯುರೋಪ್ ಒಕ್ಕೂಟ 2023ರಲ್ಲೇ ಕಾನೂನು ಮಾಡಿದೆ: ಕೆಲವು ವಿನಾಯಿತಿ ಬಿಟ್ಟರೆ, 2027ರ ಫೆಬ್ರುವರಿಯಿಂದ ಇಂಥ ಬ್ಯಾಟರಿಗಳನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ನಮಗೂ ಅಂಥದ್ದು ಬೇಕು. ಫೋನ್ ನಮಗೆ ಶೋಕಿ ಅಲ್ಲ, ನಡುರಾತ್ರಿ ಮನೆಗೂ ಹೊಲಕ್ಕೂ ಇರೋ ಒಂದೇ ದಾರ.

ಅಲ್ಲಿ ತನಕ ಪರ್ಸೆಂಟ್ ನಂಬಿ ಕತ್ತಲಿಗೆ ಇಳೀಬೇಡಿ. ಬೇರೆ ಟಾರ್ಚ್ ಒಯ್ಯಿರಿ, ಫೋನನ್ನು ಮಾತಾಡೋಕೆ ಉಳಿಸಿ. ನಾನು ನಿನ್ನೆಯೇ ಒಂದು ಟಾರ್ಚ್ ತಂದೆ. ಮನೆಯವಳೇ ಅದನ್ನು ಚಾರ್ಜಿಗೆ ಹಾಕಿದ್ದಾಳೆ.